ಹಾವೇರಿಯ ಗೋವಿನಜೋಳ, ಬ್ಯಾಡಗಿ ಮೆಣಸಿನಕಾಯಿ: ರೈಲಿಗೋ ಲಾರಿಗೋ?

ಪ್ರಶ್ನೆ: ನಾವು ಹಾವೇರಿ ಕಡೆಯ ರೈತ ಉತ್ಪಾದಕರ ಕಂಪನಿಯವರು. ಈ ಸಲ ಸದಸ್ಯರಿಂದ ಸುಮಾರು 1,200 ಟನ್ ಗೋವಿನಜೋಳ ಸೇರುವ ಅಂದಾಜಿದೆ. ತಮಿಳುನಾಡಿನ ನಾಮಕ್ಕಲ್‌ನ ಕೋಳಿ ಆಹಾರದ ಮಿಲ್‌ನವರು ತಗೊಳ್ಳಲು ಒಪ್ಪಿದ್ದಾರೆ. ಸುಗ್ಗಿಯಲ್ಲಿ ಲಾರಿ ಬಾಡಿಗೆ ಏರುತ್ತದೆ, ಒಮ್ಮೊಮ್ಮೆ ಲಾರಿಯೇ ಸಿಗಲ್ಲ. ರೈಲಿಗೆ ಹಾಕಿದರೆ ಅಗ್ಗ ಅಂತ ಎಲ್ಲರೂ ಹೇಳುತ್ತಾರೆ. ನಿಜಾನಾ? ನಿಜವಾದರೆ ಲಾರಿ, ರೈಲು ಎರಡನ್ನೂ ಹೊಂದಿಸೋದು ಹೇಗೆ? ಜೊತೆಗೆ 20 ಟನ್ ಬ್ಯಾಡಗಿ ಮೆಣಸಿನಕಾಯಿ ದಿಲ್ಲಿಗೆ ಕಳಿಸುವುದಿದೆ. ಅದನ್ನೂ ರೈಲಿಗೇ ಹಾಕಬಹುದಾ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮೆಣಸಿನಕಾಯಿಗೆ ರೈಲು ಚೆನ್ನಾಗಿ ಹೊಂದುತ್ತದೆ. ಗೋವಿನಜೋಳಕ್ಕೆ ಹೊಂದಬಹುದು, ಹೊಂದದೇನೂ ಇರಬಹುದು. ಅದು ತೀರ್ಮಾನ ಆಗೋದು ನಾಮಕ್ಕಲ್‌ನಲ್ಲಿ. ಮಿಲ್‌ನವರು ಸ್ಟೇಷನ್ನಿಗೆ ಬಂದು ಮಾಲು ಇಳಿಸಿಕೊಳ್ಳಲು ತಯಾರಿದ್ದಾರಾ ಅಂತ ಕೇಳಿದ್ದೀರಾ? ನೀವು ಬರೆದದ್ದರಲ್ಲಿ ಆ ಮಾತಿಲ್ಲ. ರೈಲಿನ ವಿಚಾರಕ್ಕೆ ಬರುವ ಹೆಚ್ಚಿನವರು ಹೇರುವ ತುದಿಯನ್ನಷ್ಟೇ ಯೋಚಿಸಿರುತ್ತಾರೆ. ದುಡ್ಡು ಸೋರೋದು ಇಳಿಸುವ ತುದಿಯಲ್ಲಿ.

ಹಳಿಯ ಮೇಲೆ ಹೋಗುವಷ್ಟು ದೂರಕ್ಕೆ ರೈಲು ಅಗ್ಗವೇ, ಅದರಲ್ಲಿ ಸುಳ್ಳಿಲ್ಲ. ಆದರೆ ಮಾಲು ಹಳಿಯವರೆಗೆ ಬರಬೇಕು, ಹಳಿಯಿಂದ ಮಿಲ್‌ಗೆ ಹೋಗಬೇಕು. ಲಾರಿಯಲ್ಲಿ ನೇರ ಕಳಿಸಿದರೆ ಚೀಲಕ್ಕೆ ಎರಡು ಸಲ ಹಮಾಲಿ. ನಿಮ್ಮ ಗೋದಾಮಿನಲ್ಲಿ ಹೇರೋದು, ಮಿಲ್‌ನಲ್ಲಿ ಇಳಿಸೋದು, ಮುಗಿಯಿತು. ರೈಲಾದರೆ ಅದೇ ಚೀಲವನ್ನು ಲಾರಿಗೆ ಹೇರಬೇಕು, ಗೂಡ್ಸ್ ಶೆಡ್‌ನಲ್ಲಿ ಇಳಿಸಿ ಥಪ್ಪಿ ಹಚ್ಚಬೇಕು, ಅಲ್ಲಿಂದ ವ್ಯಾಗನ್‌ಗೆ ತುಂಬಬೇಕು. ಆ ಕಡೆ ವ್ಯಾಗನ್‌ನಿಂದ ಇಳಿಸಿ, ಮತ್ತೆ ಲಾರಿಗೆ ಹೇರಿ, ಮಿಲ್‌ನಲ್ಲಿ ಇಳಿಸಬೇಕು. ಆರು ಸಲ ಆಯಿತಲ್ವಾ? ಪ್ರತಿ ಸಲಕ್ಕೂ ಕೂಲಿ ಇದೆ. ಪ್ರತಿ ಸಲ ಕೊಕ್ಕೆ ಬಿದ್ದಾಗ ಒಂದಿಷ್ಟು ಕಾಳು ಚೆಲ್ಲುತ್ತದೆ.

ಹಾವೇರಿಯಿಂದ ನಾಮಕ್ಕಲ್ ರಸ್ತೆಯಲ್ಲಿ ಹತ್ತಿರ ಹತ್ತಿರ 600 ಕಿಲೋಮೀಟರ್. ಈ ದೂರಕ್ಕೆ ರೈಲು ಬಾಡಿಗೆಯಲ್ಲಿ ಉಳಿಯುವ ದುಡ್ಡನ್ನು ಆ ನಾಲ್ಕು ಹೆಚ್ಚುವರಿ ಹಮಾಲಿ ಮತ್ತು ಎರಡು ತುದಿಯ ಸಣ್ಣ ಲಾರಿ ಬಾಡಿಗೆ ನುಂಗಿಬಿಡಬಹುದು. ದೂರ ಇದರ ಎರಡು ಪಟ್ಟು ಇದ್ದಿದ್ದರೆ ನಾನು ಇಷ್ಟು ಯೋಚನೆ ಮಾಡುತ್ತಲೇ ಇರಲಿಲ್ಲ.

ಇನ್ನೊಂದು ವಿಷಯ ಇದೆ. ನಾಮಕ್ಕಲ್ ಅಂದರೆ ಕೋಳಿ, ಮೊಟ್ಟೆಯ ಊರು ಮಾತ್ರ ಅಲ್ಲ, ಲಾರಿಗಳ ಊರು ಕೂಡ. ಅಲ್ಲಿಯ ಲಾರಿಗಳು ದೇಶ ತುಂಬ ಓಡಾಡುತ್ತವೆ. ಪುಣೆ, ಮುಂಬೈ ಕಡೆ ಮಾಲು ಇಳಿಸಿ ಊರಿಗೆ ಹೊರಟ ಎಷ್ಟೋ ಗಾಡಿಗಳು ಇದೇ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹುಬ್ಬಳ್ಳಿ, ಹಾವೇರಿ ದಾಟಿಕೊಂಡೇ ಹೋಗುತ್ತವೆ. ಖಾಲಿ ಹೋಗುವ ಬದಲು ಕಡಿಮೆ ಬಾಡಿಗೆಗೂ ಒಪ್ಪುತ್ತಾರೆ. ಹುಬ್ಬಳ್ಳಿಯ ಟ್ರಾನ್ಸ್‌ಪೋರ್ಟ್ ಆಫೀಸುಗಳಲ್ಲಿ ‘ನಾಮಕ್ಕಲ್ ರಿಟರ್ನ್’ ದರ ಎಷ್ಟು ಅಂತ ಒಂದು ವಾರ ದಿನಾ ಕೇಳಿ ಬರೆದುಕೊಳ್ಳಿ. ನಿಮ್ಮ ಊರಿನ ಲಾರಿಯವರು ಹೇಳುವ ದರವನ್ನು ರೈಲಿನ ದರಕ್ಕೆ ಹೋಲಿಸಬೇಡಿ. ಈ ರಿಟರ್ನ್ ದರವನ್ನು ಹೋಲಿಸಿ. ಕ್ವಿಂಟಲ್ ಲೆಕ್ಕದಲ್ಲಿ, ನಿಮ್ಮ ಗೋದಾಮಿನಿಂದ ಮಿಲ್‌ನ ಗೋದಾಮಿನವರೆಗೆ.

ಅಂದಹಾಗೆ ನಮ್ಮ ಕಡೆ ಲಾರಿ ಮೇಲಿನ ನಂಬಿಕೆ ಸುಮ್ನೆ ಬಂದದ್ದಲ್ಲ. 1976ರಲ್ಲಿ ಗದಗದಲ್ಲಿ ಒಂದೇ ಲಾರಿ ಇಟ್ಟುಕೊಂಡು ವಿಜಯ ಸಂಕೇಶ್ವರ ಅವರು ಶುರು ಮಾಡಿದ ಸಾರಿಗೆ ಉದ್ಯಮ ಆಮೇಲೆ ಹುಬ್ಬಳ್ಳಿಯಿಂದ ದೇಶದ ತುಂಬ ಹಬ್ಬಿತು. ಬೆಳಿಗ್ಗೆ ಫೋನ್ ಮಾಡಿದರೆ ಸಂಜೆ ಗಾಡಿ ಬಾಗಿಲಲ್ಲಿ ನಿಲ್ಲುತ್ತದೆ ಅನ್ನೋ ರೂಢಿ ನಮ್ಮ ವ್ಯಾಪಾರಸ್ಥರಿಗೆ ಇದೆ. ರೈಲು ಆ ಥರ ಬರಲ್ಲ.

ಸರಿ, ಲೆಕ್ಕ ಹಾಕಿದ ಮೇಲೂ ರೈಲೇ ಲಾಭ ಅಂತ ಬಂತು ಅನ್ನಿ. ಮಿಲ್‌ನವರೂ ಒಪ್ಪಿದರು. ಸೇಲಂ–ಕರೂರು ಲೈನ್ 2013ರಲ್ಲಿ ಶುರುವಾದ ಮೇಲೆ ನಾಮಕ್ಕಲ್‌ಗೆ ರೈಲು ಬಂತು. ಈಗ ಅಲ್ಲಿ ಗೋವಿನಜೋಳದ ಪೂರ್ತಿ ರೇಕ್‌ಗಳೇ, ಅಂದರೆ ಒಟ್ಟಿಗೆ ಓಡುವ ವ್ಯಾಗನ್‌ಗಳ ಇಡೀ ಸಾಲೇ, ಬಂದು ಇಳಿಯುತ್ತವೆ. ಹಾಗಾಗಿ ಅಲ್ಲಿಯ ಮಿಲ್‌ನವರಿಗೆ ಇದು ಹೊಸದಲ್ಲ.

ಮೊದಲ ಅಡ್ಡಿ ಪ್ರಮಾಣ. ಚೀಲದ ಮಾಲಿಗೆ ಬರುವ ಮುಚ್ಚಿದ ವ್ಯಾಗನ್‌ಗಳಲ್ಲಿ ಹಳೆಯ ನಮೂನೆಯ ಪೂರ್ತಿ ರೇಕ್ ಅಂದರೆ ಸುಮಾರು 42 ವ್ಯಾಗನ್, ಹೆಚ್ಚುಕಡಿಮೆ 2,500 ಟನ್. ಹೊಸ ನಮೂನೆಯದ್ದು 58 ವ್ಯಾಗನ್ನಿನ ರೇಕ್, ಅದಕ್ಕೆ ಇನ್ನೂ ಜಾಸ್ತಿ ಮಾಲು ಬೇಕು. ನಿಮ್ಮ ಹತ್ತಿರ ಇರೋದು ಹಳೆಯದರ ಅರ್ಧ. ಪೂರ್ತಿ ರೇಕ್ ತುಂಬಿದರೆ ಸಿಗುವ ಕಡಿಮೆ ದರ ಅರ್ಧ ರೇಕ್‌ಗೆ ಹಾಗೇ ಸಿಗಲ್ಲ. ಇಲ್ಲಿ ಎರಡು ದಾರಿ ಇವೆ. ಒಂದು, 20 ವ್ಯಾಗನ್ ಆಸುಪಾಸಿನ ಮಿನಿ ರೇಕ್. ನಿಮ್ಮ 1,200 ಟನ್‌ಗೆ ಅಳತೆ ಮಾಡಿದ ಹಾಗೇ ಕೂರುತ್ತದೆ. ಆದರೆ ಇದು ಎಲ್ಲ ಸ್ಟೇಷನ್ನಿನಿಂದ ಎಲ್ಲ ಕಡೆಗೆ ಸಿಗುವ ಸೌಲಭ್ಯ ಅಲ್ಲ, ಷರತ್ತುಗಳಿವೆ, ಅವು ಆಗಾಗ ಬದಲಾಗುತ್ತವೆ. ಇನ್ನೊಂದು, ಪಕ್ಕದ ತಾಲ್ಲೂಕಿನ ನಿಮ್ಮಂಥದೇ ಕಂಪನಿಯನ್ನೋ ರಾಣೆಬೆನ್ನೂರಿನ ದೊಡ್ಡ ವ್ಯಾಪಾರಸ್ಥರನ್ನೋ ಜೊತೆಗೆ ಸೇರಿಸಿಕೊಂಡು ಪೂರ್ತಿ ರೇಕ್ ಮಾಡೋದು. ಎರಡನೆಯದು ಕೇಳಲು ಚೆಂದ. ಆದರೆ ಒಬ್ಬರ ಮಾಲು ತಡವಾದರೆ ದಂಡ ಇಬ್ಬರಿಗೂ. ಅವರ ಚೀಲದಲ್ಲಿ ತೇವ ಇದ್ದರೆ ಜಗಳ ನಿಮ್ಮ ಬಾಗಿಲಿಗೂ ಬರುತ್ತದೆ. ಮೊದಲ ಸಲಕ್ಕೆ ನಾನಾದರೆ ಮಿನಿ ರೇಕನ್ನೇ ಕೇಳುತ್ತೇನೆ.

ಕೇಳೋದು ಎಲ್ಲಿ? ಹುಬ್ಬಳ್ಳಿಯಲ್ಲೇ. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ 2003ರಿಂದ ಇಲ್ಲಿದೆ, ಹುಬ್ಬಳ್ಳಿ ವಿಭಾಗದ ಕಚೇರಿಯೂ ಇಲ್ಲೇ. 2020ರಲ್ಲಿ ವಲಯಗಳಲ್ಲೂ ವಿಭಾಗಗಳಲ್ಲೂ ಬಿಸಿನೆಸ್ ಡೆವಲಪ್‌ಮೆಂಟ್ ಯೂನಿಟ್ ಅಂತ ಮಾಡಿದರು. ಹೊಸ ಗಿರಾಕಿಗಳ ಜೊತೆ ಮಾತಾಡೋದೇ ಅವರ ಕೆಲಸ. ಸಂಕೋಚ ಬೇಡ, ನೇರ ಹೋಗಿ. ಬರಿಗೈಲಿ ಮಾತ್ರ ಹೋಗಬೇಡಿ. ಯಾವ ಸ್ಟೇಷನ್ನಿನಿಂದ ಎಲ್ಲಿಗೆ, ಎಷ್ಟು ಟನ್, ಚೀಲವೋ ಸಡಿಲವೋ, ಯಾವ ತಿಂಗಳು ಅನ್ನೋದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಮಿನಿ ರೇಕ್ ಸಿಗುತ್ತದಾ, ವ್ಯಾಗನ್‌ಗೆ ಎಷ್ಟು ಟನ್ ಲೆಕ್ಕದಲ್ಲಿ ಬಾಡಿಗೆ ಹಾಕುತ್ತಾರೆ ಅನ್ನೋ ಎರಡು ಪ್ರಶ್ನೆಗೆ ಉತ್ತರ ತಗೊಂಡೇ ಬನ್ನಿ. ವ್ಯಾಗನ್ ಅರ್ಧ ಖಾಲಿ ಹೋದರೂ ಬಾಡಿಗೆ ನಿಗದಿ ತೂಕಕ್ಕೇ ಬೀಳುತ್ತದೆ.

ಆಮೇಲೆ ಹೇರುವ ದಿನ. ಈ ವಿಷಯ ಸ್ವಲ್ಪ ಬಿಡಿಸಿಯೇ ಹೇಳಬೇಕು.

ಮುಚ್ಚಿದ ವ್ಯಾಗನ್‌ಗಳನ್ನು ಕೈಯಿಂದ ತುಂಬಲು ರೈಲ್ವೆ ಕೊಡುವ ಬಿಟ್ಟಿ ವೇಳೆ ಸಾಮಾನ್ಯವಾಗಿ ಒಂಬತ್ತು ತಾಸು. ರೇಕ್ ಲೈನಿಗೆ ಬಂದು ನಿಂತಾಗಿನಿಂದ ಎಣಿಕೆ ಶುರು. ಒಂದು ವ್ಯಾಗನ್‌ಗೆ ಸುಮಾರು 60 ಟನ್ ಅಂದರೆ 50 ಕಿಲೋದ 1,200 ಚೀಲ. 20 ವ್ಯಾಗನ್‌ಗೆ 24,000 ಚೀಲ. ಒಂಬತ್ತು ತಾಸಿಗೆ ಹಂಚಿ ನೋಡಿ. ನಿಮಿಷಕ್ಕೆ 44 ಚೀಲ ಒಳಗೆ ಹೋಗುತ್ತಿರಬೇಕು. ಒಬ್ಬ ಹಮಾಲ ಒಂದು ಚೀಲ ಹೊತ್ತು, ಇಟ್ಟು, ವಾಪಸ್ ಬರಲು ಒಂದೂವರೆ ನಿಮಿಷ ಅಂದರೂ 66 ಜನ ಒಂದು ಕ್ಷಣ ಕೂರದೆ ದುಡಿಯಬೇಕು. ಮನುಷ್ಯರು ಹಾಗೆ ದುಡಿಯಲ್ಲ, ದುಡಿಯಲೂಬಾರದು. ಊಟ, ಚಹಾ, ದಣಿವು ಎಲ್ಲ ಸೇರಿಸಿದರೆ ನೂರರ ಹತ್ತಿರ ಜನ ಬೇಕು. ಎಪಿಎಂಸಿಯಲ್ಲಿ ಸುಗ್ಗಿ ಜೋರಾಗಿರುವಾಗ ಒಂದೇ ದಿನ ಇಷ್ಟು ಹಮಾಲರನ್ನು ಎಲ್ಲಿಂದ ತರುತ್ತೀರಿ? ಅವರ ಮುಕಾದಮನ ಜೊತೆ ಮೊದಲೇ ಕೂತು ಮಾತಾಡಿ. ರೇಕ್ ರಾತ್ರಿ ಎರಡಕ್ಕೂ ಬಂದು ನಿಲ್ಲಬಹುದು ಅಂತ ಹೇಳಿಯೇ ಕೂಲಿ ಗೊತ್ತು ಮಾಡಿ.

ವೇಳೆ ಮೀರಿದರೆ ಡೆಮರೇಜ್. ಮೂಲ ದರ ವ್ಯಾಗನ್‌ಗೆ ತಾಸಿಗೆ 150 ರೂಪಾಯಿ. 20 ವ್ಯಾಗನ್‌ಗೆ ತಾಸಿಗೆ 3,000. ದಟ್ಟಣೆ ಇರುವ ಕಡೆ ದರ ಇದರ ಎಷ್ಟೋ ಪಟ್ಟು ಏರಿಸುವ ಅಧಿಕಾರ ಅವರಿಗಿದೆ. ಇಳಿಸುವಾಗಲೂ ಇದೇ ಲೆಕ್ಕ. ಅಲ್ಲಿ ಇಳಿಸಿದ ಮಾಲು ಶೆಡ್‌ನಲ್ಲೇ ಕೂತರೆ ವಾರ್ಫೇಜ್ ಬೇರೆ. ಇದನ್ನೆಲ್ಲ ಯಾರು ಕೊಡಬೇಕು ಅಂತ ಮಿಲ್‌ನವರ ಜೊತೆ ಬರಹದಲ್ಲಿ ಆಗದಿದ್ದರೆ ಕೊನೆಗೆ ಬಿಲ್ಲಿನಲ್ಲಿ ಮುರಿದುಕೊಳ್ಳುತ್ತಾರೆ.

ಹಾಗಾದರೆ ಲಾರಿಗಳನ್ನು ಹೇಗೆ ಹೊಂದಿಸೋದು? 1,200 ಟನ್‌ಗೆ ಹತ್ತು ಚಕ್ರದ ಲಾರಿಯ ಸುಮಾರು 65–70 ಟ್ರಿಪ್ ಬೇಕು. ರೇಕ್ ಬಂದ ದಿನವೇ ಎಲ್ಲ ಲಾರಿ ಕರೆಸಿ ನೇರ ವ್ಯಾಗನ್‌ಗೆ ತುಂಬಿಸಿದರೆ ಒಂದು ಹಮಾಲಿ ಉಳಿಯುತ್ತದೆ ಅನ್ನೋ ಆಸೆ ಬರುತ್ತದೆ. ಈ ಆಸೆಗೆ ಬೀಳಬೇಡಿ. ರೇಕ್ ಬೆಳಿಗ್ಗೆ ಬರುತ್ತದೆ ಅಂದದ್ದು ಮಾರನೇ ದಿನ ಬಂದರೆ ಅಷ್ಟೂ ಲಾರಿಗೆ ಹಾಲ್ಟಿಂಗ್, ಅಂದರೆ ಸುಮ್ಮನೆ ನಿಂತದ್ದಕ್ಕೆ ಬಾಡಿಗೆ, ಕೊಡಬೇಕು. ಮೊದಲೇ ಅನುಮತಿ ತಗೊಂಡರೆ ರೇಕ್ ಬರುವ ಮುಂಚೆಯೇ ಶೆಡ್‌ನಲ್ಲಿ ಮಾಲು ಒಟ್ಟಲು ಬಿಡುತ್ತಾರೆ. ಎಷ್ಟು ದಿನ ಮುಂಚೆ, ಎಷ್ಟು ಜಾಗ ಅಂತ ಗೂಡ್ಸ್ ಕ್ಲರ್ಕ್ ಹತ್ತಿರ ಕೇಳಿ. ಮುಕ್ಕಾಲು ಭಾಗವನ್ನು ಹೀಗೆ ಆರಾಮಾಗಿ, ಹತ್ತಾರು ಲಾರಿಗಳೇ ತಿರುಗಾಡಿಕೊಂಡು, ಎರಡು ಮೂರು ದಿನದಲ್ಲಿ ತಂದು ಹಚ್ಚಲಿ. ಉಳಿದ ಕಾಲು ಭಾಗ ಮಾತ್ರ ಆ ದಿನ ಲಾರಿಯಿಂದ ನೇರ ಒಳಗೆ ಹೋಗಲಿ. ಶೆಡ್‌ಗೆ ಸೂರು ಇಲ್ಲದಿದ್ದರೆ ತಾಡಪತ್ರಿ ನಿಮ್ಮದು. ಕೆಳಗೆ ಹಾಸಲೂ ಬೇಕು, ಬರೀ ಮೇಲೆ ಹೊದಿಸಿದರೆ ಸಾಲದು.

ಥಪ್ಪಿ ಎಲ್ಲಿ ಹಚ್ಚುತ್ತೀರಿ ಅನ್ನೋದನ್ನೂ ನೋಡಬೇಕು. ಇಡೀ ಮಾಲನ್ನು ಒಂದೇ ಮೂಲೆಯಲ್ಲಿ ಹಚ್ಚಿದರೆ ಕೊನೆಯ ವ್ಯಾಗನ್‌ಗೆ ಹಮಾಲರು ಒಂದು ಫರ್ಲಾಂಗ್‌ಗಿಂತ ಹೆಚ್ಚು ನಡೆಯಬೇಕು. ವ್ಯಾಗನ್ ಎಲ್ಲೆಲ್ಲಿ ನಿಲ್ಲುತ್ತವೆ ಅಂತ ತಿಳಿದುಕೊಂಡು, ಒಂದೊಂದರ ಎದುರಿಗೆ ಅದರದರ ಪಾಲಿನ ಚೀಲ ಹಚ್ಚಿಸಿ, ಪ್ರತಿ ಥಪ್ಪಿಗೂ ಸುಣ್ಣದಲ್ಲಿ ನಂಬರ್ ಬರೆಸಿ. ಎಣಿಕೆ ತಪ್ಪಲ್ಲ, ಹೊತ್ತೂ ಉಳಿಯುತ್ತದೆ.

ಖಾಲಿ ವ್ಯಾಗನ್ ಸಿಗೋದರಲ್ಲೂ ಒಂದು ಒಳಗುಟ್ಟಿದೆ. ನಿಮ್ಮ ಸ್ಟೇಷನ್ನಿಗೋ ಹತ್ತಿರದ ಸ್ಟೇಷನ್ನಿಗೋ ಗೊಬ್ಬರದ ರೇಕ್ ಬಂದು ಇಳಿದರೆ ಆ ವ್ಯಾಗನ್‌ಗಳು ಅಲ್ಲೇ ಖಾಲಿ ಆಗುತ್ತವೆ. ಆ ಹೊತ್ತಿಗೆ ನಿಮ್ಮ ಇಂಡೆಂಟ್, ಅಂದರೆ ವ್ಯಾಗನ್ ಬೇಕು ಅನ್ನೋ ಬೇಡಿಕೆ, ಬಿದ್ದಿದ್ದರೆ ರೈಲ್ವೆಗೂ ಖಾಲಿ ಓಡಿಸುವ ಖರ್ಚು ಉಳಿಯುತ್ತದೆ, ನಿಮಗೂ ಬೇಗ ಸಿಗುತ್ತದೆ. ಗೊಬ್ಬರದ ಡೀಲರ್‌ಗಳಿಗೆ ರೇಕ್ ಯಾವಾಗ ಬರುತ್ತದೆ ಅಂತ ಗೊತ್ತಿರುತ್ತದೆ, ಅವರನ್ನೇ ಕೇಳಿ. ಇಂಡೆಂಟ್ ಈಗ ಆನ್‌ಲೈನ್‌ನಲ್ಲೇ ಹಾಕಬಹುದು. ಠೇವಣಿ ಕಟ್ಟಬೇಕು. ಕೊನೇ ಗಳಿಗೆಯಲ್ಲಿ ಬೇಡ ಅಂದರೆ ಆ ದುಡ್ಡು ಹೋದ ಹಾಗೆ.

ಆದರೆ ಗೊಬ್ಬರ ಇಳಿಸಿದ ವ್ಯಾಗನ್‌ನಲ್ಲಿ ಕೋಳಿ ತಿನ್ನುವ ಕಾಳು ಹಾಕೋದು ಅಂದರೆ ಎಚ್ಚರ ಬೇಕು. ತುಂಬುವ ಮುಂಚೆ ಪ್ರತಿ ವ್ಯಾಗನ್ ಒಳಗೆ ನಿಮ್ಮವರೇ ಒಬ್ಬರು ಹತ್ತಿ ನೋಡಲಿ. ಮೂಲೆಯಲ್ಲಿ, ಬಾಗಿಲ ಸಂದಿಯಲ್ಲಿ ಯೂರಿಯಾದ ಬಿಳಿ ಹರಳು ಕೂತಿರುತ್ತದೆ. ಸಿಮೆಂಟ್ ಬಂದ ವ್ಯಾಗನ್ನಾದರೆ ಬೂದಿ ಬಣ್ಣದ ಧೂಳು. ಪೂರ್ತಿ ಗುಡಿಸಿಸಿ, ಮೇಲೆ ಹಳೇ ಗೋಣಿ ತಾಟೋ ಪ್ಲಾಸ್ಟಿಕ್ ಹಾಳೆಯೋ ಹಾಸಿಸಿ. ನೀರು ಚೆಲ್ಲಿ ತೊಳೆಯಲು ಹೋಗಬೇಡಿ, ಒಣಗಲು ಹೊತ್ತಿರಲ್ಲ. ಆಮೇಲೆ ಹಗಲಾಗಿದ್ದರೆ ಎಲ್ಲ ಬಾಗಿಲು ಹಾಕಿಸಿ ಒಳಗೇ ನಿಂತು ತಲೆ ಎತ್ತಿ ನೋಡಬೇಕು. ಕತ್ತಲಲ್ಲಿ ಸೂಜಿಮೊನೆಯಷ್ಟು ಬೆಳಕು ಕಂಡರೂ ಅಲ್ಲಿ ತೂತಿದೆ, ಮಳೆ ಬಂದರೆ ನೀರು ಅಲ್ಲಿಂದಲೇ ಇಳಿಯುತ್ತದೆ. ಅಂಥ ವ್ಯಾಗನ್ ಬೇಡ ಅಂತ ಹೇಳಲು, ಇಲ್ಲವೇ ದುರಸ್ತಿ ಕೇಳಲು ನಿಮಗೆ ಹಕ್ಕಿದೆ. ತುಂಬಿದ ಮೇಲೆ ಹೇಳಿದರೆ ಯಾರೂ ಕೇಳಿಸಿಕೊಳ್ಳಲ್ಲ.

ತೇವದ ವಿಷಯ ನಿಮಗೆ ನಾನು ಹೇಳಿಕೊಡಬೇಕಿಲ್ಲ. ಬೆಂಬಲ ಬೆಲೆಯ ಖರೀದಿಯಲ್ಲಿ ಗೋವಿನಜೋಳಕ್ಕೆ ಶೇ 14ರ ಮಿತಿ ಇದೆಯಲ್ಲ, ಅದಕ್ಕಿಂತ ಕೆಳಗೇ ಇರಲಿ. ಲಾರಿಯಲ್ಲಿ ತಾಡಪತ್ರಿ ಸಂದಿಯಿಂದ ಗಾಳಿ ಆಡುತ್ತದೆ. ಬಾಗಿಲು ಸೀಲಾದ ಕಬ್ಬಿಣದ ವ್ಯಾಗನ್ ಬಿಸಿಲಲ್ಲಿ ಮೂರು ನಾಲ್ಕು ದಿನ ನಿಂತರೆ ತೇವದ ಚೀಲ ಬೂಷ್ಟು ಹಿಡಿಯುತ್ತದೆ. ಬೂಷ್ಟು ಬಂದ ಜೋಳವನ್ನು ಕೋಳಿ ಆಹಾರದ ಮಿಲ್‌ನವರು ಮುಟ್ಟಲ್ಲ.

ಕಾಗದದ ಕೆಲಸ ಜಾಸ್ತಿ ಇಲ್ಲ, ಆದರೆ ಎರಡು ಕಡೆ ಜನ ಎಡವುತ್ತಾರೆ. ಮಾಲು ತುಂಬಿದ ಮೇಲೆ ರೈಲ್ವೆ ಕೊಡೋದು ಆರ್‌ಆರ್, ಅಂದರೆ ರೈಲ್ವೆ ರಸೀದಿ. ಲಾರಿಯವರು ಕೊಡುವ ಬಿಲ್ಟಿಯ (ಸಾಗಣೆ ಚೀಟಿಯ) ಹಾಗಲ್ಲ ಇದು. ಆರ್‌ಆರ್ ಯಾರ ಕೈಲಿದೆಯೋ ಮಾಲು ಅವರದ್ದು ಅಂದ ಹಾಗೆ. ಮಿಲ್‌ನವರ ದುಡ್ಡು ಬರುವವರೆಗೆ ಹಿಡಿತ ನಿಮ್ಮ ಕೈಲಿರಬೇಕು ಅಂದರೆ ಸೆಲ್ಫ್, ಅಂದರೆ ನಿಮ್ಮದೇ ಹೆಸರಿಗೆ ಬುಕ್ ಮಾಡಿ, ದುಡ್ಡು ಬಂದ ಮೇಲೆ ಅವರ ಹೆಸರಿಗೆ ಬರೆದುಕೊಡಿ. ಆದರೆ ರೇಕ್ ಅಲ್ಲಿಗೆ ಮುಟ್ಟುವ ಮುಂಚೆ ಇದು ಮುಗಿಯಬೇಕು, ಇಲ್ಲಾಂದರೆ ವಾರ್ಫೇಜ್ ಓಡುತ್ತದೆ. ಇನ್ನೊಂದು: ರೈಲ್ವೆ ಸಿಬ್ಬಂದಿ ನಿಂತು ಎಣಿಸದೆ ತುಂಬಿದ ಮಾಲಿಗೆ ಆರ್‌ಆರ್ ಮೇಲೆ ‘ಸೆಡ್ ಟು ಕಂಟೇನ್’ ಅಂತ ಬರೆಯುತ್ತಾರೆ. ಇಷ್ಟು ಚೀಲ ಇದೆ ಅಂತ ಹೇಳಿದ್ದು ನೀವು, ನಾವು ಎಣಿಸಿಲ್ಲ ಅಂತ ಅದರರ್ಥ. ಆಮೇಲೆ ಕಡಿಮೆ ಬಂದರೆ ಸಾಬೀತು ಮಾಡುವ ಹೊಣೆ ನಿಮ್ಮ ಮೇಲೆ. ಹಾಗಾಗಿ ನಿಮ್ಮ ಎಣಿಕೆ ಪುಸ್ತಕ, ಪ್ರತಿ ಬಾಗಿಲಿನ ಸೀಲ್ ನಂಬರ್, ಫೋಟೋ ಎಲ್ಲ ಇಟ್ಟುಕೊಳ್ಳಿ. ನಷ್ಟ ಆದರೆ ಆರು ತಿಂಗಳೊಳಗೆ ರೈಲ್ವೆಗೆ ಕ್ಲೇಮ್ ನೋಟಿಸ್ ಕೊಡಲೇಬೇಕು, 1989ರ ರೈಲ್ವೆ ಕಾಯ್ದೆಯಲ್ಲೇ ಇದೆ. ಇನ್ಶೂರೆನ್ಸ್ ತಗೊಳ್ಳುವಾಗ ಗೋದಾಮಿನಿಂದ ಗೋದಾಮಿನವರೆಗೆ ಅಂತ ಬರೆಸಿ. ಬರೀ ರೈಲು ಪ್ರಯಾಣಕ್ಕೆ ಮಾಡಿಸಿದರೆ ಶೆಡ್‌ನಲ್ಲಿ ನೆನೆದ ಚೀಲಕ್ಕೆ ಏನೂ ಸಿಗಲ್ಲ.

ಈಗ ಮೆಣಸಿನಕಾಯಿ. ಇದರದ್ದು ಬೇರೆಯೇ ಕಥೆ. ದೂರ ಜಾಸ್ತಿ, ಮಾಲು ಕಡಿಮೆ, ಬೆಲೆ ಜಾಸ್ತಿ. ಇದಕ್ಕೆ ಗೂಡ್ಸ್ ರೇಕ್ ಬೇಡ, ಪಾರ್ಸೆಲ್ ವ್ಯಾನ್ ಸಾಕು. ಎಕ್ಸ್‌ಪ್ರೆಸ್ ಗಾಡಿಗೆ ಜೋಡಿಸುವ ಈ ವ್ಯಾನ್ ಹೊರುವುದು 23 ಟನ್. ಮೆಣಸಿನಕಾಯಿ ಹಗುರ, ತೂಕ ಮುಟ್ಟುವ ಮುಂಚೆ ಜಾಗ ತುಂಬುತ್ತದೆ. 2020ರ ಜುಲೈನಲ್ಲಿ ಗುಂಟೂರು ಜಿಲ್ಲೆಯ ರೆಡ್ಡಿಪಾಲೆಂನಿಂದ ಬಾಂಗ್ಲಾದೇಶದ ಬೆನಾಪೋಲ್‌ಗೆ ಒಣಮೆಣಸಿನಕಾಯಿಯ ವಿಶೇಷ ಪಾರ್ಸೆಲ್ ಗಾಡಿ ಹೋಯಿತು, 16 ವ್ಯಾನ್‌ಗಳದ್ದು. ಒಂದೊಂದರಲ್ಲಿ 466 ಚೀಲ, ಸುಮಾರು 19.9 ಟನ್ ಹಿಡಿಯಿತು. ನಿಮ್ಮ 20 ಟನ್ ಅಂದರೆ ಸರಿಯಾಗಿ ಒಂದು ವ್ಯಾನ್. ರಸ್ತೆಯಲ್ಲಿ ಟನ್‌ಗೆ 7,000 ರೂಪಾಯಿ ಬೀಳುತ್ತಿದ್ದದ್ದು ಪಾರ್ಸೆಲ್ ಗಾಡಿಯಲ್ಲಿ 4,608 ಆಯಿತು ಅಂತ ರೈಲ್ವೆ ಆಗ ಲೆಕ್ಕ ಕೊಟ್ಟಿತ್ತು. ಆ ದರ ಇವತ್ತಿಗೆ, ನಿಮ್ಮ ದಾರಿಗೆ ಅನ್ವಯ ಆಗಲ್ಲ. ಅಲ್ಲಿಯವರಿಗೂ ಅಡ್ಡಿ ಇದ್ದದ್ದು ಪ್ರಮಾಣವೇ, ಗೂಡ್ಸ್ ಗಾಡಿಗೆ 1,500 ಟನ್ ಸೇರಿಸಬೇಕಿತ್ತು. ಅಷ್ಟು ಸೇರಿಸೋದು ಸಣ್ಣ ವ್ಯಾಪಾರಸ್ಥರಿಗೆ ಆಗುವ ಮಾತಲ್ಲ.

ಬ್ಯಾಡಗಿಯಲ್ಲೇ ಸ್ಟೇಷನ್ ಇದೆಯಲ್ಲ ಅಂತ ಅನ್ನಿಸಬಹುದು. ಎಕ್ಸ್‌ಪ್ರೆಸ್ ಗಾಡಿ ಒಂದೆರಡು ನಿಮಿಷ ನಿಲ್ಲುವ ಕಡೆ 466 ಚೀಲ ಹೇರೋಕಾಗಲ್ಲ. ಲಾರಿಯಲ್ಲಿ ಹುಬ್ಬಳ್ಳಿಗೆ ತನ್ನಿ, ಒಂದೂವರೆ ಎರಡು ತಾಸಿನ ದಾರಿ. ವ್ಯಾನ್ ಯಾವ ಲೈನಿನಲ್ಲಿ, ಯಾವ ಹೊತ್ತಿಗೆ ನಿಲ್ಲಿಸುತ್ತಾರೆ ಅಂತ ಪಾರ್ಸೆಲ್ ಆಫೀಸಿನಿಂದ ಖಾತ್ರಿ ಆದ ಮೇಲೆಯೇ ಬ್ಯಾಡಗಿಯಿಂದ ಲಾರಿ ಬಿಡಿ. ಕಂಟೇನರ್ ಆಸೆ ಯಾರಾದರೂ ತೋರಿಸಿದರೆ ಡಿಪೋ ಎಲ್ಲಿದೆ ಅಂತ ಮೊದಲು ಕೇಳಿ. ಬೆಂಗಳೂರಿನ ವೈಟ್‌ಫೀಲ್ಡ್ ಅಂದರೆ ದಿಲ್ಲಿಗೆ ಹೋಗಬೇಕಾದ ಮಾಲು ಮೊದಲು 350 ಕಿಲೋಮೀಟರ್ ತಿರುಗಿ ಕೆಳಗೆ ಹೋದ ಹಾಗಾಯಿತು. ಒಂದು ವ್ಯಾನ್ ಮಾಲಿಗೆ ಅದು ಗಿಟ್ಟಲ್ಲ.

ಮಾಲು ಕೋಲ್ಡ್ ಸ್ಟೋರೇಜ್‌ನಲ್ಲಿದ್ದರೆ ತೆಗೆದ ದಿನವೇ ಹೇರಬೇಡಿ. ಹೊರಗಿನ ಬಿಸಿ ಗಾಳಿಗೆ ಕಾಯಿ ಬೆವರುತ್ತದೆ. ಆ ನೀರು ಮುಚ್ಚಿದ ವ್ಯಾನ್‌ನಲ್ಲಿ ಆರಲ್ಲ. ಬಣ್ಣವೇ ಬ್ಯಾಡಗಿ ಕಾಯಿಯ ಬೆಲೆ, ಬಣ್ಣ ಮಾಸಿದರೆ ದಿಲ್ಲಿಯವರು ಮೊದಲು ಅದನ್ನೇ ಹಿಡಿಯುತ್ತಾರೆ. ನೆರಳಲ್ಲಿ ಗಾಳಿಗೆ ಬಿಟ್ಟು, ತೇವ ಶೇ 11ರ ಒಳಗಿದೆ ಅಂತ ನೋಡಿಕೊಂಡು ಹೇರಿ.

ಗೋವಿನಜೋಳಕ್ಕೆ ಜಿಎಸ್‌ಟಿ ವಿನಾಯಿತಿ ಇರೋದರಿಂದ ಇ-ವೇ ಬಿಲ್ (ಮಾಲು ಸಾಗಿಸುವಾಗ ಬೇಕಾಗುವ ಜಿಎಸ್‌ಟಿಯ ಆನ್‌ಲೈನ್ ಪತ್ರ) ತಲೆನೋವು ಸಾಮಾನ್ಯವಾಗಿ ಇಲ್ಲ. ಒಣಮೆಣಸಿನಕಾಯಿಗೆ ಬೇಕೇ ಬೇಕು. ಬ್ಯಾಡಗಿಯಿಂದ ಹುಬ್ಬಳ್ಳಿಗೆ ಹೊರಡುವಾಗ ಲಾರಿ ನಂಬರ್ ಹಾಕಿ. ಬುಕ್ಕಿಂಗ್ ಆದ ಮೇಲೆ ಅದೇ ಬಿಲ್‌ನ ಎರಡನೇ ಭಾಗದಲ್ಲಿ ಸಾಗಣೆ ರೈಲು ಅಂತ ಬದಲಿಸಿ ರೈಲ್ವೆ ರಸೀದಿಯ ನಂಬರ್ ಹಾಕಿ. ದಿಲ್ಲಿಯಲ್ಲಿ ಮಾಲು ಬಿಡಿಸಿಕೊಳ್ಳುವಾಗ ಬಿಲ್ ತೋರಿಸದಿದ್ದರೆ ರೈಲ್ವೆಯವರು ಮಾಲು ಕೊಡಲ್ಲ. ಅಲ್ಲಿಂದ ಮಾರ್ಕೆಟ್ಟಿಗೆ ಹೋಗುವ ಟೆಂಪೋ ನಂಬರನ್ನು ಮೂರನೇ ಸಲ ಹಾಕಬೇಕು. ಹಗಲು ಹೊತ್ತು ದೊಡ್ಡ ಗಾಡಿಗಳಿಗೆ ಆ ಊರಲ್ಲಿ ನೋ ಎಂಟ್ರಿ ಇರುತ್ತದೆ. ಗಾಡಿ ಬೆಳಿಗ್ಗೆ ಮುಟ್ಟಿದರೆ ಮಾಲು ಸಂಜೆವರೆಗೆ ಪಾರ್ಸೆಲ್ ಆಫೀಸಿನಲ್ಲೇ ಇರಬೇಕಾಗುತ್ತದೆ. ಅದರ ಬಾಡಿಗೆ ಯಾರದ್ದು ಅಂತ ಅಲ್ಲಿಯ ಅಡತ್ತಿಯವರ ಹತ್ತಿರ ಈಗಲೇ ಕೇಳಿಕೊಳ್ಳಿ.